ಕೋಲಾರ ಸೀಮೆಯ ಸ್ಥಳಪುರಾಣಗಳಲ್ಲಿ ಒಳಿತು-ಕೆಡುಕು: ಕ್ರೈಸ್ತ ದೈವಶಾಸ್ತ್ರ ಹಾಗೂ ಜನಪ್ರಿಯ ವಿಜ್ಞಾನ ಕಥನಗಳೊಡನೆ ಒಂದು ತೌಲನಿಕ ವಿವೇಚನೆ

ಪೀಠಿಕೆ

ಒಳಿತು-ಕೆಡುಕುಗಳ ಸಂಘರ್ಷವು ಎಲ್ಲ ಕಥನ ಪರಂಪರೆಗಳಿಗೂ ಮೂಲದ್ರವ್ಯ. ಪುರಾಣ, ಬಯಲಾಟ, ಕಾದಂಬರಿ, ಚಲನಚಿತ್ರ ಇವುಗಳ ರೂಪ ಬೇರೆಯಾದರೂ ಅವು ಎದುರಿಸುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ. ಕೆಡುಕು ಎಲ್ಲಿಂದ ಹುಟ್ಟುತ್ತದೆ? ಅದು ಹೊರಗಿನ ಶತ್ರುವೇ, ಒಳಗಿನ ವಿಕಾರವೇ? ಕೆಡುಕನ್ನು ಅಳಿಸಲು ಒಳಿತು ಹಿಂಸೆಗೆ ಇಳಿದಾಗ ಆ ಹಿಂಸೆಯ ಹೊಣೆ ಯಾರದು? ಈ ಪ್ರಶ್ನೆಗಳಿಗೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಸ್ಥಳಪುರಾಣಗಳು ನೀಡುವ ಉತ್ತರವನ್ನು ಕ್ರೈಸ್ತ ದೈವಶಾಸ್ತ್ರದ ಪರಿಕಲ್ಪನೆಗಳ ಬೆಳಕಿನಲ್ಲಿಯೂ ಆಧುನಿಕ ಜನಪ್ರಿಯ ವಿಜ್ಞಾನ ಕಥನಗಳ ಎದುರಿನಲ್ಲಿಯೂ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಮೂರನ್ನೂ ಒಂದೆಡೆ ತರುವುದಕ್ಕೆ ಸಕಾರಣವಿದೆ. ಕೋಲಾರ ಸೀಮೆಯು ಕನ್ನಡ, ತೆಲುಗು, ತಮಿಳು ಭಾಷೆಗಳು ಕೂಡುವ ಗಡಿನಾಡು. ಪುರಾಣ ಶ್ರವಣ, ಕೇಳಿಕೆಯೆಂದು ಕರೆಯಲಾಗುವ ಬಯಲಾಟ, ಹರಿಕಥೆಗಳ ಮೂಲಕ ಬೆಳೆದ ಇಲ್ಲಿನ ಕಥಾಪ್ರಪಂಚಕ್ಕೆ ಮೂರು ಭಾಷೆಗಳ ಸಿನಿಮಾ ಸೇರಿಕೊಂಡಿದೆ. ಕ್ರೈಸ್ತ ಧರ್ಮವೂ ಇಲ್ಲಿಗೆ ಅಪರಿಚಿತವಲ್ಲ. ಕೋಲಾರ ಪಟ್ಟಣದ ಮೆಥಡಿಸ್ಟ್ ಮಿಷನ್ ಆಸ್ಪತ್ರೆ ಮತ್ತು ಚಿನ್ನದ ಗಣಿ ಪ್ರದೇಶದ ಚರ್ಚುಗಳು ಶತಮಾನದ ಇತಿಹಾಸ ಉಳ್ಳವು. ಇನ್ನು ವಿಜ್ಞಾನದ ವಿಷಯಕ್ಕೆ ಬಂದರೆ, ೧೯೬೫ರಲ್ಲಿ ವಾತಾವರಣಜನ್ಯ ನ್ಯೂಟ್ರಿನೊ ಕಣಗಳ ಸುಳಿವು ದೊರೆತ ಜಗತ್ತಿನ ಮೊದಲ ಸ್ಥಳಗಳಲ್ಲಿ ಕೋಲಾರದ ಗಣಿಯ ಆಳವೂ ಒಂದು. ಹೀಗೆ ಪುರಾಣ, ಶಿಲುಬೆ ಮತ್ತು ಪ್ರಯೋಗಾಲಯ ಮೂರೂ ಒಂದೇ ಸೀಮೆಯ ಅನುಭವಕ್ಕೆ ಸೇರಿವೆ. ೨೦೦೭ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯು ಕೋಲಾರದಿಂದ ಬೇರ್ಪಟ್ಟಿತು. ಆದರೆ ಕಥೆಗಳು ಆಡಳಿತದ ಗಡಿಯನ್ನು ಮಾನ್ಯ ಮಾಡುವುದಿಲ್ಲವಾದ್ದರಿಂದ ಅಗತ್ಯವಿರುವೆಡೆ ಹಳೆಯ ಕೋಲಾರ ಜಿಲ್ಲೆಯ ಸಾಮಗ್ರಿಯನ್ನೂ ಬಳಸಿಕೊಳ್ಳಲಾಗಿದೆ.

ಕ್ರೈಸ್ತ ದೈವಶಾಸ್ತ್ರದಲ್ಲಿ ಕೆಡುಕಿನ ಸ್ವರೂಪ

ಕ್ರೈಸ್ತ ಚಿಂತನೆಯು ಕೆಡುಕನ್ನು ಕುರಿತ ತನ್ನ ನಿಲುವನ್ನು ರೂಪಿಸಿಕೊಂಡದ್ದು ಮುಖ್ಯವಾಗಿ ಒಂದು ವಾಗ್ವಾದದ ಮೂಲಕ. ಕ್ರಿ.ಶ. ೩ನೆಯ ಶತಮಾನದಲ್ಲಿ ಪರ್ಷಿಯದ ಮಾನಿ ಎಂಬಾತನು ಬೆಳಕು ಮತ್ತು ಕತ್ತಲೆ ಎರಡೂ ಅನಾದಿಯಾದ ತತ್ತ್ವಗಳು, ಜಗತ್ತು ಅವೆರಡರ ರಣರಂಗ ಎಂದು ಬೋಧಿಸಿದನು. ಈ ಮತದಲ್ಲಿ ಸುಮಾರು ಒಂಬತ್ತು ವರ್ಷ ಇದ್ದು ಹೊರಬಂದ ಸಂತ ಅಗಸ್ಟೀನನು (೩೫೪-೪೩೦) ಇದಕ್ಕೆ ಪ್ರತಿಯಾಗಿ ಮಂಡಿಸಿದ ಸಿದ್ಧಾಂತವು ಪಶ್ಚಿಮದ ದೈವಶಾಸ್ತ್ರಕ್ಕೆ ತಳಹದಿಯಾಯಿತು. ದೇವರು ಸೃಷ್ಟಿಸಿದ್ದೆಲ್ಲವೂ ಒಳ್ಳೆಯದೇ ಆಗಿರುವಾಗ ಕೆಡುಕು ಸ್ವತಂತ್ರವಾದ ದ್ರವ್ಯವಾಗಿರಲಾರದು. ಅದು ಒಳಿತಿನ ಕೊರತೆ, ಅಭಾವ. ಕುರುಡು ಎಂಬುದು ಕಣ್ಣಿನಂತೆ ಒಂದು ವಸ್ತುವಲ್ಲ, ದೃಷ್ಟಿಯ ಇಲ್ಲದಿರುವಿಕೆ. ಕೆಡುಕೂ ಹಾಗೆಯೇ. ಈ ದೃಷ್ಟಿಯಲ್ಲಿ ಸೈತಾನನೂ ದೇವರಿಗೆ ಸಮನಾದ ಎದುರಾಳಿಯಲ್ಲ. ಅವನು ಪತನಗೊಂಡ ದೂತ. ಅವನಿಗೆ ಕೆಡಿಸುವ ಶಕ್ತಿಯುಂಟು, ಸೃಷ್ಟಿಸುವ ಶಕ್ತಿಯಿಲ್ಲ.

ಇದರ ಜೊತೆಗೆ ಮತ್ತೆರಡು ಪರಿಕಲ್ಪನೆಗಳನ್ನು ಗಮನಿಸಬೇಕು. ಮೊದಲನೆಯದು ಜನ್ಮಪಾಪ. ಆದಿಮಾನವನ ಅವಿಧೇಯತೆಯ ಫಲವಾಗಿ ಮನುಷ್ಯಕುಲದ ಇಚ್ಛೆಯೇ ಬಾಗಿದೆ. ಆದ್ದರಿಂದ ಯಾವ ಮನುಷ್ಯನೂ, ಯಾವ ಪಕ್ಷವೂ ಪೂರ್ಣ ನಿರ್ದೋಷಿಯೆಂದು ಹೇಳಿಕೊಳ್ಳುವಂತಿಲ್ಲ. ಎರಡನೆಯದು ಪಶ್ಚಾತ್ತಾಪ ಮತ್ತು ಕೃಪೆ. ಪಾಪವು ಶತ್ರುವಿನ ಸಂಹಾರದಿಂದ ನೀಗುವುದಿಲ್ಲ, ಪಾಪಿಯ ಪರಿವರ್ತನೆಯಿಂದ ಮತ್ತು ದೇವರ ಕೃಪೆಯಿಂದ ನೀಗುತ್ತದೆ.

ಕನ್ನಡದ ಮಟ್ಟಿಗೆ ಈ ಪರಿಕಲ್ಪನೆಗಳು ಭಾಷೆಯಲ್ಲಿ ಮೈದಾಳಿದ ಬಗೆಯೂ ಸ್ವಾರಸ್ಯಕರ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರ ಪ್ರಯತ್ನದಿಂದ ೧೮೩೧ರ ವೇಳೆಗೆ ಬೈಬಲಿನ ಸಮಗ್ರ ಕನ್ನಡಾನುವಾದ ಸಿದ್ಧವಾಯಿತು. ಅನುವಾದಕರು ‘ಪಾಪ’, ‘ರಕ್ಷಣೆ’, ‘ಕೃಪೆ’ ಮೊದಲಾದ ಪದಗಳನ್ನು ಹೊಸದಾಗಿ ಸೃಷ್ಟಿಸಲಿಲ್ಲ. ಕರ್ಮ, ಪುನರ್ಜನ್ಮಗಳ ಹಿನ್ನೆಲೆಯಲ್ಲಿ ಬಳಕೆಯಲ್ಲಿದ್ದ ಪದಗಳನ್ನೇ ಎತ್ತಿಕೊಂಡರು. ಹೀಗಾಗಿ ಕನ್ನಡದ ಓದುಗನಿಗೆ ‘ಪಾಪ’ ಎಂಬ ಒಂದೇ ಮಾತು ಎರಡು ಲೋಕದೃಷ್ಟಿಗಳ ಬಾಗಿಲನ್ನು ತೆರೆಯುತ್ತದೆ. ತೌಲನಿಕ ಅಧ್ಯಯನಕ್ಕೆ ಭಾಷೆಯೇ ಇಲ್ಲಿ ಅವಕಾಶವನ್ನು ಕಲ್ಪಿಸಿಕೊಟ್ಟಿದೆ ಎನ್ನಬಹುದು.

ಜನಪ್ರಿಯ ವಿಜ್ಞಾನ ಕಥನದ ಎರಡು ಹಾದಿಗಳು

ವಿಜ್ಞಾನ ಕಥನವು ಮೇಲುನೋಟಕ್ಕೆ ದೇವರನ್ನು ಬಿಟ್ಟು ನಡೆಯುವ ಸಾಹಿತ್ಯ. ಆದರೆ ಅದರ ಮೊದಲ ಕೃತಿಗಳಲ್ಲಿ ಒಂದಾದ ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ (೧೮೧೮) ಬೈಬಲಿನ ಸೃಷ್ಟಿಕಥೆಯ ನೆರಳಿನಲ್ಲಿಯೇ ನಿಂತಿದೆ. ಅಲ್ಲಿನ ಕೃತಕ ಜೀವಿಯು ಮಿಲ್ಟನ್ ಕವಿಯ ಮಹಾಕಾವ್ಯವನ್ನು ಓದಿ, ತಾನು ಆದಾಮನಾಗಬೇಕಿತ್ತು, ಬದಲಾಗಿ ಪತಿತ ದೂತನಂತಾದೆನೆಂದು ತನ್ನನ್ನು ನಿರ್ಮಿಸಿದವನನ್ನೇ ಪ್ರಶ್ನಿಸುತ್ತದೆ. ಅದು ಹುಟ್ಟಿನಿಂದ ಕೆಟ್ಟದ್ದಲ್ಲ; ನಿರ್ಮಾತೃವೇ ಕೈಬಿಟ್ಟದ್ದರಿಂದ ಕೆಟ್ಟದ್ದು. ಎಚ್. ಜಿ. ವೆಲ್ಸ್‌ನ ‘ದಿ ವಾರ್ ಆಫ್ ದ ವರ್ಲ್ಡ್ಸ್’ (೧೮೯೮) ಕಾದಂಬರಿಯಲ್ಲಿ ಮಂಗಳ ಗ್ರಹದ ಆಕ್ರಮಣಕಾರರು ಭೂಮಿಯನ್ನು ನಾಶಮಾಡುತ್ತಾರೆ. ಆದರೆ ಅವರನ್ನು ದೂಷಿಸುವ ಮೊದಲು ಯುರೋಪಿಯನ್ನರು ಟ್ಯಾಸ್ಮೇನಿಯದ ಮೂಲನಿವಾಸಿಗಳಿಗೆ ಮಾಡಿದ್ದನ್ನು ನೆನೆಯಬೇಕೆಂದು ನಿರೂಪಕನು ಆರಂಭದಲ್ಲಿಯೇ ಎಚ್ಚರಿಸುತ್ತಾನೆ.

ದೈವಶಾಸ್ತ್ರವನ್ನು ನೇರವಾಗಿ ವಿಜ್ಞಾನ ಕಥನಕ್ಕೆ ತಂದವರಲ್ಲಿ ಸಿ. ಎಸ್. ಲೂಯಿಸ್ ಪ್ರಮುಖ. ಅವನ ‘ಔಟ್ ಆಫ್ ದ ಸೈಲೆಂಟ್ ಪ್ಲಾನೆಟ್’ (೧೯೩೮) ಕಾದಂಬರಿಯ ಮಂಗಳ ಗ್ರಹದ ಜೀವಿಗಳ ಭಾಷೆಯಲ್ಲಿ ಕೆಡುಕಿಗೆ ಪದವೇ ಇಲ್ಲ. ಭೂಮಿಯಿಂದ ಹೋದವನು ಅದನ್ನು ‘ಬಾಗಿದ್ದು’, ‘ಡೊಂಕಾದದ್ದು’ ಎಂಬ ಅರ್ಥದ ಮಾತಿನಿಂದ ತಿಳಿಸಬೇಕಾಗುತ್ತದೆ. ಅಗಸ್ಟೀನನ ಅಭಾವ ಸಿದ್ಧಾಂತವು ಕಥೆಯೊಳಗೆ ಇಳಿದು ಬಂದ ಬಗೆ ಇದು. ಜೇಮ್ಸ್ ಬ್ಲಿಷ್‌ನ ‘ಎ ಕೇಸ್ ಆಫ್ ಕಾನ್ಷನ್ಸ್’ (೧೯೫೮) ಇನ್ನೂ ಮುಂದೆ ಹೋಗುತ್ತದೆ. ದೇವರ ಕಲ್ಪನೆಯೇ ಇಲ್ಲದೆ ಪರಿಪೂರ್ಣ ನೀತಿಯಿಂದ ಬಾಳುವ ಜೀವಿಗಳ ಗ್ರಹವೊಂದನ್ನು ಕಂಡ ಜೆಸೂಟ್ ಪಾದ್ರಿಯು, ಇದು ಸೈತಾನನ ಸೃಷ್ಟಿಯಿರಬೇಕೆಂಬ ತೀರ್ಮಾನಕ್ಕೆ ಬರುತ್ತಾನೆ. ಹಾಗೆಂದೊಡನೆ ಸೈತಾನನಿಗೆ ಸೃಷ್ಟಿಶಕ್ತಿ ಇದೆಯೆಂದು ಒಪ್ಪಿದಂತಾಗಿ, ಅವನೇ ಮಾನಿಯ ಪಾಷಂಡ ಮತಕ್ಕೆ ಜಾರುತ್ತಾನೆ.

ಇದು ಮೊದಲ ಹಾದಿ. ಎರಡನೆಯ ಹಾದಿ ಹೆಚ್ಚು ಜನಪ್ರಿಯವಾದದ್ದು. ಜಾರ್ಜ್ ಲ್ಯೂಕಾಸ್‌ನ ‘ಸ್ಟಾರ್ ವಾರ್ಸ್’ (೧೯೭೭) ಚಲನಚಿತ್ರದಲ್ಲಿ ಬೆಳಕಿನ ಪಕ್ಷ, ಕತ್ತಲೆಯ ಪಕ್ಷಗಳು ಉಡುಪಿನ ಬಣ್ಣದಿಂದಲೇ ಬಹುಮಟ್ಟಿಗೆ ಗುರುತಾಗುತ್ತವೆ. ಶತ್ರುಗಳ ಬೃಹತ್ ನೆಲೆ ಸ್ಫೋಟಗೊಂಡಾಗ ಅದರೊಳಗಿದ್ದವರ ಸಾವಿಗೆ ಮರುಗುವವರಿಲ್ಲ. ವಿಜಯೋತ್ಸವದಲ್ಲಿ ಕಥೆ ಮುಗಿಯುತ್ತದೆ. ರೂಪದಲ್ಲಿ ಇದು ಮಾನಿಯ ಲೋಕವೇ. ಆದರೂ ೧೯೮೩ರ ಮೂರನೆಯ ಚಿತ್ರದಲ್ಲಿ ಕತ್ತಲೆಯ ನಾಯಕನು ತನ್ನ ಮಗನ ಕರುಣೆಯಿಂದ ಪರಿವರ್ತಿತನಾಗುವಾಗ ಕಥೆಯು ಕ್ರೈಸ್ತ ಮಾದರಿಯತ್ತ ಹೊರಳುತ್ತದೆ. ದಕ್ಷಿಣ ಭಾರತದ ಚಿತ್ರಗಳಲ್ಲಿ ಕನ್ನಡದ ‘ಹಾಲಿವುಡ್’ (೨೦೦೨) ಯಂತ್ರಮಾನವನನ್ನು ಪಾತ್ರವಾಗಿಸಿಕೊಂಡಿತು. ೨೦೧೦ರ ತಮಿಳಿನ ‘ಎಂದಿರನ್’ ಚಿತ್ರದ ಯಂತ್ರಮಾನವನು ಕೆಡುವುದು ಖಳನು ಅವನೊಳಗೆ ಕೆಂಪು ಚಿಪ್ ಒಂದನ್ನು ಇರಿಸಿದಾಗ. ಅದನ್ನು ತೆಗೆದೊಡನೆ ಅವನು ಮತ್ತೆ ಸಾಧು. ಕೆಡುಕು ಇಲ್ಲಿ ಇಡಬಹುದಾದ, ತೆಗೆಯಬಹುದಾದ ಬಿಡಿಭಾಗ. ಅಗಸ್ಟೀನನು ನಿರಾಕರಿಸಿದ ‘ಕೆಡುಕೆಂಬ ದ್ರವ್ಯ’ದ ಆಧುನಿಕ ರೂಪ ಇದೆಂದರೆ ತಪ್ಪಾಗದು. ಆದರೂ ಚಿಪ್ಪು ತೆಗೆದ ಮೇಲೆ ಆ ಯಂತ್ರವು ತನ್ನನ್ನು ತಾನೇ ಕಳಚಿಕೊಳ್ಳುವ ಕೊನೆಯ ದೃಶ್ಯದಲ್ಲಿ, ಮಾಡಿದ ಹಿಂಸೆಗೆ ಯಾರಾದರೂ ತೆರಬೇಕೆಂಬ ಹಳೆಯ ನಂಬಿಕೆ ಉಳಿದುಕೊಂಡಿದೆ.

ಕೋಲಾರ: ಪರಶುರಾಮನ ಕೋಲಾಹಲ ಮತ್ತು ಚೇಳಮ್ಮ

ಶಾಸನಗಳಲ್ಲಿ ಕುವಳಾಲವೆಂದು ಕಾಣುವ ಕೋಲಾರವು ಗಂಗರ ಆದಿ ರಾಜಧಾನಿ. ‘ಕುವಳಾಲಪುರವರೇಶ್ವರ’ ಎಂಬುದು ಆ ಅರಸರ ಬಿರುದು. ಜನರ ಬಾಯಲ್ಲಿ ಮಾತ್ರ ಈ ಹೆಸರಿಗೆ ಬೇರೆಯೇ ಮೂಲವಿದೆ. ಜಮದಗ್ನಿಯ ಹೋಮಧೇನುವನ್ನು ಬಯಸಿದ ಕಾರ್ತವೀರ್ಯಾರ್ಜುನನನ್ನು ಪರಶುರಾಮನು ಕೊಂದದ್ದು ಇಲ್ಲಿಯೇ; ಆ ಯುದ್ಧದ ಕೋಲಾಹಲದಿಂದ ಊರು ಕೋಲಾಹಲಪುರವಾಯಿತು ಎಂಬುದು ಐತಿಹ್ಯ. ಪಕ್ಕದ ಶತಶೃಂಗ ಪರ್ವತವನ್ನು ಈ ಘಟನೆಗಳ ನೆಲೆಯಾಗಿ ತೋರಿಸಲಾಗುತ್ತದೆ.

ಈ ಕಥೆಯಲ್ಲಿ ತಪ್ಪು ಮಾಡಿದವನು ಅರಸ, ಅನ್ಯಾಯಕ್ಕೆ ಒಳಗಾದವನು ಋಷಿ. ಆದರೆ ಪ್ರತೀಕಾರವು ಅಪರಾಧವನ್ನು ಮೀರಿ ಬೆಳೆಯುತ್ತದೆ. ಮಹಾಭಾರತದ ಪ್ರಕಾರ ಇಪ್ಪತ್ತೊಂದು ಬಾರಿ ಕ್ಷತ್ರಿಯರನ್ನು ನಿರ್ಮೂಲ ಮಾಡಿದ ಪರಶುರಾಮನು ಗೆದ್ದ ಭೂಮಿಯನ್ನು ಕಶ್ಯಪನಿಗೆ ದಾನವಿತ್ತನು. ಕಶ್ಯಪನು ಆ ನೆಲದಲ್ಲಿ ನೆಲಸದೆ ಹೊರಡುವಂತೆ ಅವನಿಗೆ ಆಜ್ಞಾಪಿಸಿದನು. ಗೆದ್ದವನಿಗೆ ಗೆದ್ದ ನೆಲದಲ್ಲಿ ಇರುವ ಹಕ್ಕಿಲ್ಲ ಎಂಬ ಈ ಮಾತು ಗಮನಾರ್ಹ. ನ್ಯಾಯದ ಹಿಂಸೆಯೂ ಮಾಡಿದವನನ್ನು ಊರಿನಿಂದ ಹೊರಗಿಡುತ್ತದೆ.

ಕೋಲಾರಮ್ಮನ ಗುಡಿಯಲ್ಲಿ ಕೆಡುಕಿನ ಇನ್ನೊಂದು ಗ್ರಹಿಕೆ ಕಾಣಸಿಗುತ್ತದೆ. ಚೋಳರ ಕಾಲದ ಈ ದೇಗುಲದಲ್ಲಿ ಉಗ್ರರೂಪಿಣಿಯಾದ ದೇವಿಯನ್ನು ನೇರವಾಗಿ ನೋಡಬಾರದೆಂಬ ನಂಬಿಕೆಯಿಂದ ಕನ್ನಡಿಯಲ್ಲಿ ದರ್ಶನ ಪಡೆಯುವ ಪದ್ಧತಿಯಿದೆ. ಇದೇ ಆವರಣದಲ್ಲಿ ಚೇಳಮ್ಮನ ಸನ್ನಿಧಿಯಿದ್ದು, ಆಕೆಗೆ ಕಾಣಿಕೆ ಸಲ್ಲಿಸಿದವರಿಗೆ ಚೇಳಿನ ಬಾಧೆ ತಟ್ಟದೆಂದು ಭಕ್ತರು ನಂಬುತ್ತಾರೆ. ಕುಟುಕುವ ಜೀವಿಯನ್ನು ಸಂಹರಿಸಬೇಕಾದ ಶತ್ರುವೆಂದು ಎಣಿಸದೆ, ತಾಯಿಯ ರೂಪದಲ್ಲಿ ನಿಲ್ಲಿಸಿ ಒಲಿಸಿಕೊಳ್ಳುವ ಕ್ರಮವಿದು.

ಬೈಬಲಿನ ಅರಣ್ಯಕಾಂಡದಲ್ಲಿ ಇದಕ್ಕೆ ಹತ್ತಿರವಾದ ಪ್ರಸಂಗವಿದೆ. ವಿಷಸರ್ಪಗಳಿಂದ ಕಚ್ಚಿಸಿಕೊಂಡ ಇಸ್ರಾಯೇಲರಿಗಾಗಿ ಮೋಶೆಯು ಕಂಬದ ಮೇಲೆ ತಾಮ್ರದ ಸರ್ಪವನ್ನು ಎತ್ತಿ ನಿಲ್ಲಿಸುತ್ತಾನೆ. ಅದನ್ನು ನೋಡಿದವರು ಬದುಕುತ್ತಾರೆ. ಯೋಹಾನನ ಸುವಾರ್ತೆಯು ಇದನ್ನು ಶಿಲುಬೆಗೆ ಹೋಲಿಕೆಯಾಗಿ ಬಳಸಿಕೊಂಡಿದೆ. ಎರಡೂ ಕಡೆ ನೋವಿನ ಮೂಲವೇ ಉಪಶಮನದ ಚಿಹ್ನೆಯಾಗಿದೆ. ವ್ಯತ್ಯಾಸವೂ ಅಷ್ಟೇ ಸ್ಪಷ್ಟ. ಜನರು ಆ ತಾಮ್ರಸರ್ಪಕ್ಕೆ ಧೂಪ ಹಾಕತೊಡಗಿದಾಗ ಅರಸ ಹಿಜ್ಕೀಯನು ಅದನ್ನು ಒಡೆದು ಹಾಕಿದನೆಂದು ಬೈಬಲ್ ಹೇಳುತ್ತದೆ. ಚೇಳಮ್ಮನಿಗಾದರೋ ಪೂಜೆ ಮುಂದುವರಿದಿದೆ. ಚಿಹ್ನೆಯನ್ನು ದೈವದಿಂದ ಬೇರ್ಪಡಿಸುವ ಆತಂಕವು ಒಂದು ಪರಂಪರೆಯದು. ಚಿಹ್ನೆಯಲ್ಲಿಯೇ ದೈವವನ್ನು ಕಾಣುವ ನಿರಾತಂಕವು ಇನ್ನೊಂದರದು.

ಮುಳಬಾಗಿಲು: ಆವನಿಯ ಪ್ರಾಯಶ್ಚಿತ್ತ, ಕುರುಡುಮಲೆಯ ವಿಘ್ನ

ಪ್ರಸ್ತುತ ವಿಷಯಕ್ಕೆ ಅತ್ಯಂತ ಸಮೃದ್ಧವಾದ ಸಾಮಗ್ರಿ ದೊರೆಯುವುದು ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ. ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯ ಸಮುಚ್ಚಯ ಇಲ್ಲಿದೆ. ಈ ಸ್ಥಾನವನ್ನು ನಲವತ್ತು ವರ್ಷ ಆಳಿ ೯೬೧ರಲ್ಲಿ ತೀರಿಕೊಂಡ ತ್ರಿಭುವನಕರ್ತನೆಂಬ ಶೈವ ಯತಿಯು ಐವತ್ತು ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಶಾಸನದಿಂದ ತಿಳಿಯುತ್ತದೆ. ವಾಲ್ಮೀಕಿಯ ಆಶ್ರಮವಿದ್ದದ್ದು, ಸೀತೆಯು ಲವಕುಶರನ್ನು ಹೆತ್ತದ್ದು, ಯಜ್ಞಾಶ್ವವನ್ನು ಕಟ್ಟಿಹಾಕಿದ ಆ ಬಾಲಕರೊಡನೆ ರಾಮನ ಸೈನ್ಯವು ಕಾದಿದ್ದು ಇಲ್ಲಿಯೇ ಎಂಬುದು ಸ್ಥಳಪುರಾಣ. ಸ್ವಂತ ಮಕ್ಕಳ ಮೇಲೆ ಆಯುಧವೆತ್ತಿದ ಪಾಪದ ಪರಿಹಾರಕ್ಕಾಗಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರು ಒಬ್ಬೊಬ್ಬರೂ ಒಂದೊಂದು ಲಿಂಗವನ್ನು ಪ್ರತಿಷ್ಠಾಪಿಸಿದರೆಂದು ಹೇಳಲಾಗುತ್ತದೆ.

ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ತಂದೆ-ಮಕ್ಕಳ ಯುದ್ಧವಿಲ್ಲ. ಕನ್ನಡಿಗರಿಗೆ ಅದು ಸುಪರಿಚಿತವಾದದ್ದು ಲಕ್ಷ್ಮೀಶನ ಜೈಮಿನಿ ಭಾರತದ ಮೂಲಕ. ಆವನಿಯ ಐತಿಹ್ಯವು ಈ ಕಥಾಧಾರೆಯನ್ನು ನೆಲಕ್ಕೆ ಕಟ್ಟಿಹಾಕಿ, ಅದಕ್ಕೆ ಪ್ರಾಯಶ್ಚಿತ್ತದ ಅಂತ್ಯವನ್ನು ಕೊಟ್ಟಿದೆ. ಇಲ್ಲಿ ಖಳನಾಯಕನಿಲ್ಲ. ಎರಡೂ ಪಕ್ಷಗಳು ಧರ್ಮದ ಪಕ್ಷಗಳೇ. ಅರಿಯದೆ ಮಾಡಿದ್ದೆಂಬ ವಿನಾಯಿತಿಯನ್ನು ರಾಮನು ಕೇಳುವುದಿಲ್ಲ. ಆಜ್ಞೆಯನ್ನು ಪಾಲಿಸಿದ ತಮ್ಮಂದಿರಿಗೂ ಆ ವಿನಾಯಿತಿ ದೊರೆಯುವುದಿಲ್ಲ. ಪ್ರತಿಯೊಬ್ಬನೂ ತನ್ನ ಪಾಲಿನ ಲಿಂಗವನ್ನು ತಾನೇ ಸ್ಥಾಪಿಸಬೇಕು. ‘ಸ್ಟಾರ್ ವಾರ್ಸ್’ನಲ್ಲಿಯೂ ತಂದೆ-ಮಗ ಎದುರುಬದುರಾಗುತ್ತಾರೆ. ಅಲ್ಲಿ ತಂದೆಯು ಕತ್ತಲೆಯ ಪಕ್ಷದವನು, ಕೊನೆಯಲ್ಲಿ ಅವನ ಸಾವಿನೊಡನೆ ಸಮಸ್ಯೆ ಬಗೆಹರಿಯುತ್ತದೆ. ಆವನಿಯಲ್ಲಿ ತಪ್ಪಿತಸ್ಥನು ಲೋಕವೇ ಮರ್ಯಾದಾಪುರುಷನೆಂದು ಕೊಂಡಾಡುವ ಅರಸು. ಅವನು ಬದುಕಿ, ತಪ್ಪನ್ನು ಕಲ್ಲಿನಲ್ಲಿ ಒಪ್ಪಿಕೊಳ್ಳುತ್ತಾನೆ. ಯಾವ ಪಕ್ಷವೂ ಪೂರ್ಣ ನಿರ್ದೋಷಿಯಲ್ಲವೆಂಬ ಕ್ರೈಸ್ತ ನಿಲುವಿಗೆ ಈ ಕಥೆ ಹತ್ತಿರವಾದರೂ ದೋಷದ ಮೂಲ ಇಲ್ಲಿ ಬೇರೆ. ಅದು ಹುಟ್ಟಿನಿಂದ ಬಂದ ಬಾಗುವಿಕೆಯಲ್ಲ. ಇಂಥ ದಿನ, ಇಂಥ ಕೈಯಿಂದ ನಡೆದ ಕೃತ್ಯ.

ಸ್ಥಳದ ವಿನ್ಯಾಸವನ್ನೂ ಪಠ್ಯದಂತೆ ಓದಬಹುದು. ಬೆಟ್ಟದ ಬುಡದಲ್ಲಿ ಸೋದರರ ಹೆಸರಿನ ದೇಗುಲಗಳಿವೆ. ಬೆಟ್ಟದ ಮೇಲೆ ಸೀತೆಯ ಗುಡಿಯಿದೆ. ಸಂತಾನಾಪೇಕ್ಷೆಯ ಮಹಿಳೆಯರು ಹರಕೆ ಹೊತ್ತು ಅಲ್ಲಿಗೆ ಹತ್ತುತ್ತಾರೆ. ಪ್ರಾಯಶ್ಚಿತ್ತವು ಯುದ್ಧದ ಪಾಪಕ್ಕೆ ಮಾತ್ರ ಸಂದಿದೆಯೇ ಹೊರತು ಗರ್ಭಿಣಿಯನ್ನು ಕಾಡಿಗೆ ಕಳುಹಿದ ಕೃತ್ಯದ ಬಗೆಗೆ ಐತಿಹ್ಯವು ಮೌನವಾಗಿದೆ. ಆದರೆ ಜನರ ಕಾಲುದಾರಿ ಆ ಮೌನವನ್ನು ಮೀರಿ ನೊಂದವಳ ಗುಡಿಯವರೆಗೂ ಏರಿದೆ.

ಇದೇ ತಾಲ್ಲೂಕಿನ ಕುರುಡುಮಲೆಯಲ್ಲಿರುವ ಬೃಹತ್ ಗಣಪತಿಯನ್ನು ತ್ರಿಪುರಾಸುರ ಸಂಹಾರಕ್ಕೆ ಮೊದಲು ತ್ರಿಮೂರ್ತಿಗಳು ಪ್ರತಿಷ್ಠಾಪಿಸಿದರೆಂದು ನಂಬಿಕೆ. ಪುರಾಣೋಕ್ತವಾದ ತ್ರಿಪುರಗಳು ಚಿನ್ನ, ಬೆಳ್ಳಿ, ಕಬ್ಬಿಣಗಳ ಮೂರು ಸಂಚಾರಿ ನಗರಗಳು. ಅವು ಒಂದೇ ಸಾಲಿಗೆ ಬರುವ ಕ್ಷಣದಲ್ಲಿ ಒಂದೇ ಬಾಣದಿಂದ ಮಾತ್ರ ಅವುಗಳ ನಾಶ ಸಾಧ್ಯ. ಬಾಹ್ಯಾಕಾಶ ಯುದ್ಧದ ಚಲನಚಿತ್ರಕ್ಕೆ ಇದಕ್ಕಿಂತ ಸಿದ್ಧವಾದ ವಸ್ತು ಬೇಕಿಲ್ಲ. ಆದರೆ ಸ್ಥಳಪುರಾಣದ ಒತ್ತು ಬಾಣದ ಮೇಲಿಲ್ಲ. ಯುದ್ಧಕ್ಕೆ ಹೊರಟ ಪರಮ ದೈವಗಳೂ ಮೊದಲು ವಿಘ್ನನಿವಾರಕನ ಮುಂದೆ ತಲೆಬಾಗಬೇಕಾಯಿತು ಎಂಬುದರ ಮೇಲಿದೆ. ಕೆಡುಕನ್ನು ಅಳಿಸುವ ಅಧಿಕಾರ ಪಡೆದವರಿಗೂ ತಮ್ಮ ಶಕ್ತಿಯನ್ನೇ ನಂಬಿ ನಡೆಯುವ ಸ್ವಾತಂತ್ರ್ಯವಿಲ್ಲ.

ಮಾಲೂರು: ಬೆಂಕಿಯ ಪಾಪ ಮತ್ತು ಶಿಲ್ಪಿಯ ಪ್ರಶ್ನೆ

ಮಾಲೂರು ತಾಲ್ಲೂಕಿನ ಚಿಕ್ಕತಿರುಪತಿಯ ಕಥೆಯೂ ಪ್ರಾಯಶ್ಚಿತ್ತದ್ದೇ. ಯಜ್ಞಗಳ ತುಪ್ಪವುಂಡು ಅಜೀರ್ಣಗೊಂಡ ಅಗ್ನಿಯು ಕೃಷ್ಣಾರ್ಜುನರ ನೆರವಿನಿಂದ ಖಾಂಡವ ವನವನ್ನು ಅದರ ಜೀವಕೋಟಿಯೊಡನೆ ದಹಿಸಿ ಗುಣಮುಖನಾದನು. ಆದರೆ ನೆಲೆ ಕಳೆದುಕೊಂಡ ತಕ್ಷಕನ ಶಾಪದಿಂದ ಕಾಂತಿಹೀನನಾಗಿ, ವಿಷ್ಣುವನ್ನು ಪ್ರಾರ್ಥಿಸಿ, ಇಲ್ಲಿ ಪ್ರಸನ್ನ ವೆಂಕಟೇಶ್ವರನನ್ನು ಪ್ರತಿಷ್ಠಾಪಿಸಿ ಮತ್ತೆ ತೇಜಸ್ಸನ್ನು ಪಡೆದನೆಂಬುದು ಐತಿಹ್ಯ. ದೇವತೆಯೊಬ್ಬನ ಹಸಿವಿಗೆ ಕಾಡೊಂದು ಬಲಿಯಾದಾಗ, ಆ ಕಾಡಿನ ಸರ್ಪವೊಂದರ ದುಃಖಕ್ಕೆ ದೇವತೆಯನ್ನು ತಡೆದು ನಿಲ್ಲಿಸುವಷ್ಟು ಬಲವಿದೆಯೆಂದು ಈ ಕಥೆ ಒಪ್ಪುತ್ತದೆ. ವೆಲ್ಸ್‌ನು ಟ್ಯಾಸ್ಮೇನಿಯನ್ನರನ್ನು ನೆನಪಿಸಿದ ಹಿಂದಿನ ನ್ಯಾಯಬುದ್ಧಿಗೂ ಇದಕ್ಕೂ ದೂರವಿಲ್ಲ.

ಕುರುಡುಮಲೆ ಮತ್ತು ಚಿಕ್ಕತಿರುಪತಿಗಳ ಕಥೆಗಳನ್ನು ಬೆಸೆಯುವ ಪಾತ್ರವೊಂದಿದೆ; ಅವನೇ ಮಯ. ಪುರಾಣಗಳಲ್ಲಿ ತ್ರಿಪುರಗಳನ್ನು ನಿರ್ಮಿಸಿದವನು ಮಯ. ಖಾಂಡವದ ಬೆಂಕಿಯಿಂದ ಬದುಕುಳಿದವರಲ್ಲಿ ಒಬ್ಬನೂ ಅವನೇ. ಕೃತಜ್ಞತೆಯಿಂದ ಪಾಂಡವರಿಗೆ ಸಭಾಭವನವನ್ನು ಕಟ್ಟಿಕೊಟ್ಟವನೂ ಅವನೇ. ಅಸುರರಿಗೆ ಹಾರುವ ನಗರ, ಧರ್ಮರಾಯನಿಗೆ ಅರಮನೆ ಎರಡೂ ಒಂದೇ ಕೈಯ ಕೆಲಸ. ಅವನ ಜಾಣ್ಮೆ ಸ್ವತಃ ಒಳಿತೂ ಅಲ್ಲ, ಕೆಡುಕೂ ಅಲ್ಲ. ವಿಜ್ಞಾನ ಕಥನದ ವಿಜ್ಞಾನಿಯು ಫ್ರಾಂಕೆನ್‌ಸ್ಟೈನನಿಂದ ಇಂದಿನವರೆಗೆ ಎದುರಿಸುತ್ತಿರುವ ಪ್ರಶ್ನೆಯನ್ನು ಪುರಾಣವು ಅಸುರ ಶಿಲ್ಪಿಯೊಬ್ಬನ ಮೂಲಕ ಕೇಳಿತ್ತು. ಪುರಾಣವು ಶಿಲ್ಪಿಯನ್ನು ದಂಡಿಸಲಿಲ್ಲ. ಅವನಿಗೆ ಅಭಯವನ್ನಿತ್ತು, ಬೇರೆ ಕೆಲಸವನ್ನು ಒಪ್ಪಿಸಿತು.

ಶ್ರೀನಿವಾಸಪುರ: ಕಾಲಜ್ಞಾನದ ಭವಿಷ್ಯ

ಹಿಂದೆ ಪಾಪನಪಲ್ಲಿಯೆಂದಿದ್ದು, ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನಿಟ್ಟದ್ದರಿಂದ ಶ್ರೀನಿವಾಸಪುರವಾಯಿತೆಂದು ಹೇಳಲಾಗುವ ಈ ತಾಲ್ಲೂಕು ಆಂಧ್ರದ ಗಡಿಗೆ ಹೊಂದಿಕೊಂಡಿದೆ. ತೆಲುಗು-ಕನ್ನಡ ದ್ವಿಭಾಷಿಕ ಪರಿಸರದ ಈ ಭಾಗದಲ್ಲಿ ಪೋತುಲೂರಿ ವೀರಬ್ರಹ್ಮೇಂದ್ರರ ಕಾಲಜ್ಞಾನವೂ ನೆರೆಯ ಕೈವಾರದ ಯೋಗಿ ನಾರೇಯಣರ ಪರಂಪರೆಯೂ ಪ್ರಭಾವ ಬೀರಿವೆ. ಕಾಲಜ್ಞಾನವು ಮುಂದೆ ಬರಲಿರುವ ಕಾಲವನ್ನು ವರ್ಣಿಸುವ ಸಾಹಿತ್ಯ. ಆ ಅರ್ಥದಲ್ಲಿ ಅದನ್ನು ಜನಪದದ ಭವಿಷ್ಯಕಥನವೆನ್ನಬಹುದು. ವೀರಬ್ರಹ್ಮೇಂದ್ರರ ಕಾಲಜ್ಞಾನದಲ್ಲಿ ಕೆಡುಕು ಒಬ್ಬ ಅಸುರನಾಗಿ ಬರುವುದಿಲ್ಲ. ಲೋಕದ ಕ್ರಮವೇ ತಲೆಕೆಳಗಾಗುವ ಉತ್ಪಾತಗಳಾಗಿ ಬರುತ್ತದೆ. ಕೊನೆಗೆ ವೀರಭೋಗವಸಂತರಾಯನು ಬಂದು ಧರ್ಮವನ್ನು ನಿಲ್ಲಿಸುವನೆಂಬ ನಿರೀಕ್ಷೆ ಅದರಲ್ಲಿದೆ. ಬೈಬಲಿನ ಪ್ರಕಟನೆ ಗ್ರಂಥದ ಅಂತ್ಯಕಾಲದ ದರ್ಶನಗಳೊಡನೆ ಇದನ್ನು ಹೋಲಿಸಬಹುದಾದರೂ ಕಾಲದ ಕಲ್ಪನೆಯಲ್ಲಿ ಭೇದವಿದೆ. ಕ್ರೈಸ್ತ ದರ್ಶನದಲ್ಲಿ ಅಂತ್ಯವು ಒಂದೇ ಬಾರಿ, ಯುಗಕಲ್ಪನೆಯಲ್ಲಿ ಅದು ಮತ್ತೊಂದು ಆವರ್ತದ ಆರಂಭ.

ಶ್ರೀಪಾದರಾಜರ ನೆಲದಲ್ಲಿ ಭಿನ್ನಸ್ವರ

ಸ್ಥಳಪುರಾಣಗಳು ಒಳಿತು-ಕೆಡುಕಿನ ಗೆರೆಯನ್ನು ಮಸುಕುಗೊಳಿಸುತ್ತವೆ ಎಂಬುದು ಇದುವರೆಗಿನ ವಿವ���ಚನೆಯ ಸಾರ. ಆದರೆ ಇದೇ ನೆಲದಲ್ಲಿ ಆ ಗೆರೆಯನ್ನು ಖಚಿತವಾಗಿ ಎಳೆದ ದರ್ಶನವೂ ಬೆಳೆದಿದೆ. ಮುಳಬಾಗಿಲಿನ ಬಳಿಯ ನರಸಿಂಹತೀರ್ಥದಲ್ಲಿ ವೃಂದಾವನಸ್ಥರಾದ ಶ್ರೀಪಾದರಾಜರು ೧೫ನೆಯ ಶತಮಾನದ ದ್ವೈತ ಯತಿಗಳು, ವ್ಯಾಸರಾಯರಿಗೆ ವಿದ್ಯಾಗುರುಗಳು, ಕನ್ನಡ ಹರಿದಾಸ ಸಾಹಿತ್ಯದ ಪ್ರವರ್ತಕರಲ್ಲಿ ಪ್ರಮುಖರು. ಮಧ್ವಮತದ ಪ್ರಕಾರ ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ಮೂರು ವರ್ಗಗಳಿದ್ದು, ಈ ತಾರತಮ್ಯವು ಸ್ವರೂಪಸಿದ್ಧವಾದದ್ದು. ೧೬ನೆಯ ಶತಮಾನದ ಕ್ಯಾಲ್ವಿನ್‌ನ ಪೂರ್ವನಿರ್ಣಯ ಸಿದ್ಧಾಂತವು ಇದಕ್ಕೆ ಹತ್ತಿರವೆಂದು ತೋರಬಹುದು. ಆದರೆ ಕ್ಯಾಲ್ವಿನ್‌ನಲ್ಲಿ ಭೇದವು ದೇವರ ಸಂಕಲ್ಪದಿಂದ ಬಂದದ್ದು, ಮಧ್ವರಲ್ಲಿ ಜೀವಸ್ವಭಾವದಿಂದ ಬಂದದ್ದು. ಹೀಗಿದ್ದೂ ಹರಿದಾಸರ ಪದಗಳ ಧ್ವನಿಯು ಇತರರ ಅಯೋಗ್ಯತೆಯನ್ನು ಎತ್ತಿ ತೋರುವುದಕ್ಕಿಂತ ಸ್ವಂತ ದೋಷದ ನಿವೇದನೆಗೂ ಹರಿಕರುಣೆಯ ಯಾಚನೆಗೂ ಹೆಚ್ಚು ಒಲಿದಿದೆ. ಶಾಸ್ತ್ರವು ವರ್ಗೀಕರಿಸಿದಲ್ಲಿ ಹಾಡು ತನ್ನನ್ನೇ ಪ್ರಶ್ನಿಸಿಕೊಂಡಿದೆ.

ಅಸುರನೆಂಬ ಹೆಸರು

ಈ ಅಧ್ಯಯನವು ಎದುರಿಸಲೇಬೇಕಾದ ಇನ್ನೊಂದು ಪ್ರಶ್ನೆಯಿದೆ. ಕೆಡುಕಿನವನೆಂಬ ಹೆಸರನ್ನು ಯಾರು, ಯಾರಿಗೆ ಕೊಡುತ್ತಾರೆ? ಜ್ಯೋತಿಬಾ ಫುಲೆಯವರು ೧೮೭೩ರ ‘ಗುಲಾಮಗಿರಿ’ಯಲ್ಲಿ ಬಲಿಯನ್ನು ಸೋತ ಜನರ ನ್ಯಾಯವಂತ ಅರಸನನ್ನಾಗಿಯೂ ಪರಶುರಾಮನನ್ನು ಆಕ್ರಮಣಕಾರನನ್ನಾಗಿಯೂ ಓದಿದ ಬಳಿಕ ಪುರಾಣಗಳನ್ನು ಹಳೆಯ ನಿಶ್ಚಿಂತೆಯಿಂದ ಓದುವುದು ಅಸಾಧ್ಯವಾಗಿದೆ. ಕಲಿಯುಗವರ್ಣನೆಯ ಪೌರಾಣಿಕ ಪರಂಪರೆಯು ವರ್ಣಸಂಕರವನ್ನೂ ಕೆಡುಕಿನ ಲಕ್ಷಣಗಳಲ್ಲಿ ಎಣಿಸಿದೆ. ಅಂದರೆ ಯಾರದೋ ಬಿಡುಗಡೆಯು ಇನ್ನಾರದೋ ಕಥೆಯಲ್ಲಿ ಪ್ರಳಯದ ಸೂಚನೆಯಾಗಬಲ್ಲದು.

ಕ್ರೈಸ್ತ ದೈವಶಾಸ್ತ್ರವೂ ಕರ್ನಾಟಕದ ನೆಲದಲ್ಲಿಯೇ ಈ ಪ್ರಶ್ನೆಗೆ ಮುಖಾಮುಖಿಯಾಯಿತು. ೧೯೮೦ರ ದಶಕದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿದ್ದ ಅರವಿಂದ ಪಿ. ನಿರ್ಮಲ್ ಅವರು ದಲಿತ ದೈವಶಾಸ್ತ್ರಕ್ಕೆ ಅಡಿಪಾಯ ಹಾಕಿದರು. ಪಾಪವು ವ್ಯಕ್ತಿಯ ಅಂತರಂಗದ ಬಾಗುವಿಕೆ ಮಾತ್ರವಲ್ಲ; ಜಾತಿಯಂತಹ ವ್ಯವಸ್ಥೆಯಲ್ಲಿಯೂ ಅದು ಮನೆಮಾಡಿದೆ ಎಂಬುದು ಈ ಧಾರೆಯ ನಿಲುವು. ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ೨೦೦೦ದ ಮಾರ್ಚ್ ೧೧ರಂದು ಏಳು ಮಂದಿ ದಲಿತರು ಸಜೀವವಾಗಿ ದಹಿಸಲ್ಪಟ್ಟರು. ಕೆಂಪು ಚಿಪ್ಪಿನ ಕಥೆಯಾಗಲಿ ಕೋರೆಹಲ್ಲಿನ ಅಸುರನಾಗಲಿ ಈ ಬಗೆಯ ಕೆಡುಕನ್ನು ವಿವರಿಸಲಾರದು. ಇದು ಹೊರಗಿನಿಂದ ಬಂದು ಊರನ್ನು ಮುತ್ತಿದ್ದಲ್ಲ, ಊರೊಳಗೆ ನೆರೆಹೊರೆಯಾಗಿ ಬಾಳಿದ್ದು. ಕೆಡುಕನ್ನು ಸದಾ ಹೊರಗಿನ ಶತ್ರುವಾಗಿಯೇ ಕಾಣಲು ಕಲಿಸುವ ಕಥೆಗಳು ಇಂಥದ್ದರ ಎದುರು ಮೂಕವಾಗುತ್ತವೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಜನಪ್ರಿಯ ವಿಜ್ಞಾನ ಕಥನದ ಹೆಚ್ಚು ಪ್ರಚಲಿತವಾದ ಧಾರೆಯು ಕೆಡುಕನ್ನು ಪ್ರತ್ಯೇಕ ಪಕ್ಷವನ್ನಾಗಿ, ಕೆಲವೊಮ್ಮೆ ಪ್ರತ್ಯೇಕ ವಸ್ತುವನ್ನಾಗಿ ಕಾಣುತ್ತದೆ. ಕ್ರೈಸ್ತ ದೈವಶಾಸ್ತ್ರದ ಮುಖ್ಯ ಧಾರೆಯು ಇದನ್ನು ಮಾನಿಯ ಮತವೆಂದು ತಿರಸ್ಕರಿಸಿ, ಕೆಡುಕು ಒಳಿತಿನ ಬಾಗುವಿಕೆಯೆಂದೂ ಅದರ ಪರಿಹಾರ ಪಶ್ಚಾತ್ತಾಪ-ಕೃಪೆಗಳಲ್ಲಿದೆಯೆಂದೂ ಹೇಳುತ್ತದೆ. ಕೋಲಾರ ಸೀಮೆಯ ಸ್ಥಳಪುರಾಣಗಳು ಜನ್ಮಪಾಪವನ್ನು ಅರಿಯವು. ಆದರೆ ಗೆದ್ದವನ ಕೈಗೂ ಕಲೆ ಅಂಟುತ್ತದೆ, ಆ ಕಲೆಯನ್ನು ಬಹಿರಂಗವಾಗಿ ತೊಳೆದುಕೊಳ್ಳಬೇಕು ಎಂಬುದನ್ನು ಬಲ್ಲವು. ಪರಶುರಾಮನ ನಿರ್ಗಮನ, ರಾಮಸೋದರರ ಲಿಂಗಪ್ರತಿಷ್ಠೆ, ಅಗ್ನಿಯ ಪ್ರಾರ್ಥನೆ ಈ ಅರಿವಿನ ಮೂರು ರೂಪಗಳು.

ಚಲನಚಿತ್ರ ಮತ್ತು ದೂರದರ್ಶನದ ಪೌರಾಣಿಕ ಕಥಾನಕಗಳು ಯುದ್ಧವನ್ನು ವಿಸ್ತಾರವಾಗಿ ತೋರಿಸಿ ಯುದ್ಧಾನಂತರದ ಪ್ರಾಯಶ್ಚಿತ್ತವನ್ನು ಕೈಬಿಡುವ ಪ್ರವೃತ್ತಿ ಹೆಚ್ಚಿರುವ ಸಂದರ್ಭದಲ್ಲಿ, ಊರೂರಿನ ಐತಿಹ್ಯಗಳ ಈ ಕೊನೆಯ ಭಾಗವೇ ಮೊದಲು ಮರೆಯಾಗುವ ಅಪಾಯವಿದೆ. ಗುಡಿಯ ಅರ್ಚಕರು, ಹರಕೆ ಹೊತ್ತು ಬರುವ ಮಹಿಳೆಯರು, ಕೇಳಿಕೆಯ ಭಾಗವತರು ಹೇಳುವ ಕಥೆಗಳ ಪಾಠಾಂತರಗಳನ್ನು ತಾಲ್ಲೂಕುವಾರು ಸಂಗ್ರಹಿಸುವುದು, ಅದರಲ್ಲಿಯೂ ‘ಯುದ್ಧವಾದ ಮೇಲೆ ಏನಾಯಿತು’ ಎಂಬ ಭಾಗವನ್ನು ಪ್ರತ್ಯೇಕವಾಗಿ ದಾಖಲಿಸುವುದು ಮುಂದಿನ ಸಂಶೋಧಕರ ಆದ್ಯ ಕರ್ತವ್ಯವಾಗಬೇಕಾಗಿದೆ.